ತೈ ಚಿ: ಕಾಲು ಕಲಿತ ಮೇಲೆ ಕೈ

ನಿಧಾನ ಚಲನೆಗಳ ಚೀನೀ ವ್ಯಾಯಾಮವಾದ ತೈ ಚಿ ಕಲಿಯಲು ಬಂದವರು ಮೊದಲ ದಿನವೇ ಗಾಳಿಯಲ್ಲಿ ಕೈ ತೇಲಿಸಲು ಹೊರಡುತ್ತಾರೆ. ನನ್ನ ತರಗತಿಯಲ್ಲಿ ಅದು ನಡೆಯುವುದಿಲ್ಲ. ಮೊದಲ ಕೆಲವು ವಾರ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ಬರೀ ನಡಿಗೆ. ಅದೇನು ಮಹಾ ಎಂದು ಮುಖ ಸಿಂಡರಿಸುವವರು, ಎರಡು ಪೂರ್ತಿ ಉಸಿರಿಗೆ ಒಂದೇ ಹೆಜ್ಜೆ ಇಟ್ಟು ನೋಡಲಿ.

ಪಾದಗಳನ್ನು ಭುಜದಗಲ ಇಟ್ಟು ನಿಲ್ಲಿ. ಮಂಡಿ ತುಸು ಸಡಿಲವಾಗಲಿ, ಭುಜ ಇಳಿಯಲಿ, ನೆತ್ತಿಯನ್ನು ಯಾರೋ ದಾರ ಕಟ್ಟಿ ಮೇಲಕ್ಕೆಳೆದಂತಿರಲಿ. ಮೈಭಾರವನ್ನೆಲ್ಲ ಬಲಗಾಲಿಗೆ ಸಾಗಿಸಿ. ಎಡ ಹಿಮ್ಮಡಿ ಎತ್ತುವಾಗ ತಲೆ ಬಲಕ್ಕೆ ಓಲಿದರೆ ಎಡಗಾಲಿನಲ್ಲಿ ಭಾರ ಇನ್ನೂ ಉಳಿದಿದೆ ಎಂದೇ ಅರ್ಥ. ಪೂರ್ತಿ ಖಾಲಿಯಾದ ಮೇಲೆ ಆ ಪಾದವನ್ನು ಮುಂದೆ, ಕೊಂಚ ಎಡಕ್ಕೆ, ಹಿಮ್ಮಡಿ ಮಾತ್ರ ತಾಗುವಂತೆ ಇಡಿ. ಈಗ ಅದನ್ನು ಸಲೀಸಾಗಿ ಹಿಂದಕ್ಕೆ ತೆಗೆದುಕೊಳ್ಳಲು ಆಗಬೇಕು. ಆಗದಿದ್ದರೆ ಹೆಜ್ಜೆ ಉದ್ದವಾಯಿತು. ನಾಲ್ಕು ಬೆರಳಿನಷ್ಟು ಹತ್ತಿರ ತಂದುಕೊಳ್ಳಿ. ಆಮೇಲೆ ಅಂಗಾಲು ಇಳಿಯಲಿ, ಭಾರ ಮುಂದೆ ಹರಿಯಲಿ. ಮಂಡಿ ಕಾಲ್ಬೆರಳನ್ನು ದಾಟಬಾರದು, ಒಳಕ್ಕೆ ವಾಲಲೂಬಾರದು. ಮುಂದಿನ ಹೆಜ್ಜೆಗೆ ಮುನ್ನ ಭಾರವನ್ನು ಸ್ವಲ್ಪ ಹಿಂದಕ್ಕೆ ತಂದು, ಎಡ ಪಾದದ ತುದಿಯನ್ನು ಹೊರಕ್ಕೆ ತಿರುಗಿಸಿ. ಭಾರ ಹೊತ್ತ ಪಾದವನ್ನು ತಿರುಚುವವರ ಮಂಡಿ ಬಹಳ ದಿನ ಬಾಳುವುದಿಲ್ಲ.

ತುಂಬಿದ ಕಾಲು, ಖಾಲಿ ಕಾಲು: ವಿರುದ್ಧವಾದ ಎರಡು ಒಂದನ್ನೊಂದು ಪೂರೈಸುತ್ತವೆ ಎನ್ನುವ ಚೀನಾದ ಯಿನ್-ಯಾಂಗ್ ತತ್ತ್ವ ಇಲ್ಲಿ ಕಾಲಿಗೇ ಇಳಿದಿದೆ. ತೈ ಚಿ ಮೂಲತಃ ಕಾದಾಟದ ವಿದ್ಯೆ. ಎರಡೂ ಕಾಲಿಗೆ ಸಮನಾಗಿ ಭಾರ ಹಾಕಿ ನಿಂತವನನ್ನು ಎದುರಾಳಿ ತಳ್ಳಿದರೆ ಅವನು ತಿರುಗಲಾರ. ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿ 17ನೇ ಶತಮಾನದಲ್ಲಿ ಚೆನ್ ವಾಂಗ್‌ಟಿಂಗ್ ಎಂಬಾತ ಇದಕ್ಕೆ ರೂಪ ಕೊಟ್ಟನೆನ್ನುತ್ತಾರೆ. ವುಡಾಂಗ್ ಬೆಟ್ಟದ ಸಂನ್ಯಾಸಿ ಝಾಂಗ್ ಸಾನ್‌ಫೆಂಗ್ ಇದನ್ನು ಹುಟ್ಟುಹಾಕಿದನೆಂಬ ಕಥೆ ಸೊಗಸಾಗಿದೆ, ಆದರೆ ಕಥೆಯೇ. 19ನೇ ಶತಮಾನದಲ್ಲಿ ಆ ಹಳ್ಳಿಯಲ್ಲಿ ಕಲಿತ ಯಾಂಗ್ ಲುಚಾನ್ ಅದನ್ನು ಬೀಜಿಂಗಿಗೆ ಒಯ್ದ. ಇಂದು ಉದ್ಯಾನಗಳಲ್ಲಿ ಕಾಣುವ ನಿಧಾನದ, ವಿಶಾಲ ಚಲನೆಗಳು ಅವನ ಮೊಮ್ಮಗ ಯಾಂಗ್ ಚೆಂಗ್‌ಫುವಿನ ಕೊಡುಗೆ.

ಲಾಭವೇನು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಸಮತೋಲನದ ಬಗ್ಗೆ. 2012ರಲ್ಲಿ ಅಮೆರಿಕದಲ್ಲಿ ಮೈ ನಡುಗಿಸಿ ನಡಿಗೆ ಕೆಡಿಸುವ ಮಿದುಳಿನ ಕಾಯಿಲೆಯಾದ ಪಾರ್ಕಿನ್ಸನ್ಸ್ ಇದ್ದ 195 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ ಎರಡು ಬಾರಿ, ಗಂಟೆ ಹೊತ್ತು, 24 ವಾರ ತೈ ಚಿ ಮಾಡಿದವರ ಸಮತೋಲನ ಸುಧಾರಿಸಿತ್ತು. ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದೂ ಕಡಿಮೆಯಾಗಿತ್ತು. ರೋಗ ವಾಸಿಯಾಯಿತೆಂದು ಅಲ್ಲಿ ಯಾರೂ ಹೇಳಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟುಬಿಡಿ ಎನ್ನುವ ಗುರು ಸಿಕ್ಕರೆ ಗುರುವನ್ನು ಬಿಡಿ, ಮಾತ್ರೆಯನ್ನಲ್ಲ.

ಮಂಡಿ ನೋವಿದ್ದವರು ಹೆಚ್ಚು ಬಗ್ಗದೆ, ಎತ್ತರವಾಗಿಯೇ ನಿಂತು ಅಭ್ಯಾಸ ಮಾಡಿ. ಓಲಾಡುವವರು ಗೋಡೆಯ ಪಕ್ಕ ನಡೆಯಿರಿ. ಹೆಜ್ಜೆ ಪಳಗಿದ ಮೇಲೆ 1956ರಲ್ಲಿ ಚೀನಾ ಸರ್ಕಾರ ರೂಪಿಸಿದ 24 ಭಂಗಿಗಳ ಸರಳ ಕ್ರಮಕ್ಕೆ ಹೋಗಬಹುದು. ಅದರ ಮೊದಲ ಭಂಗಿಯಲ್ಲೇ ಎರಡೂ ಕೈಗಳು ಭುಜದ ಮಟ್ಟಕ್ಕೆ ಏಳುತ್ತವೆ. ಆಗ ನಾನೂ ತಡೆಯುವುದಿಲ್ಲ.