ಗರ್ಭಪಾತದ ಪ್ರಶ್ನೆ, ‘ಮನೆ ನೋಡಿಕೊಳ್ಳುವವರ’ ಉತ್ತರ

ಗರ್ಭಪಾತದ ವಿಷಯದಲ್ಲಿ ಹೆಂಗಸರು ಗಂಡಸರಿಗಿಂತ ಎಷ್ಟು ಉದಾರಿಗಳು? ನೋಡಿಯೇ ಬಿಡೋಣ ಎಂದು ಅಮೆರಿಕದ ಜನರಲ್ ಸೋಷಿಯಲ್ ಸರ್ವೆಯ ದತ್ತಾಂಶ ಇಳಿಸಿಕೊಂಡೆ. ಶಿಕಾಗೊ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ ಎಂಬ ಸಂಶೋಧನಾ ಸಂಸ್ಥೆ 1972ರಿಂದ ನಡೆಸುತ್ತಿರುವ, ಜನರ ಅಭಿಪ್ರಾಯ ಕೇಳುವ ಸಮೀಕ್ಷೆ ಅದು, ದತ್ತಾಂಶ ಪುಕ್ಕಟೆ. ಹೆಂಗಸರೇ ಉದಾರಿಗಳು ಎಂದು ತೆರೆಯುವ ಮೊದಲೇ ತೀರ್ಮಾನಿಸಿದ್ದೆ.

ಏಳು ಸಂದರ್ಭ ಹೇಳಿ, ಕಾನೂನು ಅವಕಾಶ ಕೊಡಬೇಕೇ ಎಂದು ಕೇಳುತ್ತಾರೆ. ತಾಯಿಯ ಆರೋಗ್ಯಕ್ಕೆ ಅಪಾಯವೆಂದರೆ ಎಲ್ಲ ಗುಂಪಿನವರೂ ಬಹುಪಾಲು ಹೌದೆನ್ನುತ್ತಾರೆ, ಹೋಲಿಸಲು ಏನೂ ಉಳಿಯದು. 1977ರಲ್ಲಿ ಸೇರಿದ ‘ಯಾವುದೇ ಕಾರಣಕ್ಕೆ’ ಎಂಬ ಪ್ರಶ್ನೆಯನ್ನು ಆರಿಸಿಕೊಂಡೆ.

ಮೊದಲ ಕೋಷ್ಟಕದಲ್ಲೇ ಎಡವಿದೆ. ದತ್ತಾಂಶದಲ್ಲಿ ಉತ್ತರಗಳು ಅಂಕಿಗಳಾಗಿರುತ್ತವೆ; 1 ಅಂದರೆ ಹೌದು, ಮಿಕ್ಕಿದ್ದೆಲ್ಲ ಇಲ್ಲ ಎಂದು ಕೋಡ್ ಬರೆದಿದ್ದೆ. 2018ರಲ್ಲಿ ಅರ್ಧದ ಆಸುಪಾಸು ಇರಬೇಕಾದ ಒಪ್ಪಿಗೆ ಮೂರರಲ್ಲೊಂದು ಪಾಲಿಗೆ ಇಳಿದಿತ್ತು! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಪ್ರಶ್ನಾವಳಿಗೆ ಮೂರು ನಮೂನೆಗಳಿವೆ, ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳುವುದಿಲ್ಲ. ಪ್ರಶ್ನೆಯೇ ಎದುರಾಗದವರನ್ನೂ ನಾನು ವಿರೋಧಿಗಳ ಸಾಲಿಗೆ ತಳ್ಳಿದ್ದೆ.

ಸರಿಪಡಿಸಿದರೆ ಗಂಡು ಹೆಣ್ಣಿನ ನಡುವೆ ಕೂದಲೆಳೆಯ ಅಂತರ. ನನ್ನ ತೀರ್ಮಾನ ಅಲ್ಲಿಗೆ ಮುಗಿಯಿತು.

ಆಮೇಲೆ ಕೆಲಸದ ಕಾಲಂ ಸೇರಿಸಿದೆ. ‘ಕಳೆದ ವಾರ ನೀವು ಪೂರ್ಣಾವಧಿ ದುಡಿಯುತ್ತಿದ್ದಿರಾ, ಅರೆಕಾಲಿಕವೇ, ಓದುತ್ತಿದ್ದಿರಾ, ಮನೆ ನೋಡಿಕೊಳ್ಳುತ್ತಿದ್ದಿರಾ’ ಎಂಬ ಧಾಟಿಯ ಪ್ರಶ್ನೆ. (ನಮ್ಮಮ್ಮನನ್ನು ಕೇಳಿದ್ದರೆ ‘ಏನಿಲ್ಲಪ್ಪ, ಮನೇಲೇ ಇರ್ತೀನಿ’ ಅಂತಿದ್ದಳು.) ಹೆಂಗಸರನ್ನು ಹೀಗೆ ಬಿಡಿಸಿದಾಗ ಚಿತ್ರವೇ ಬದಲಾಯಿತು. ಹೊರಗೆ ದುಡಿಯುವ ಹೆಣ್ಣಿನ ಉತ್ತರ ದುಡಿಯುವ ಗಂಡಿನ ಉತ್ತರಕ್ಕೆ ಹತ್ತಿರ, ಗೃಹಿಣಿಯದಕ್ಕೆ ದೂರ. ಸಮಾಜಶಾಸ್ತ್ರಜ್ಞೆ ಕ್ರಿಸ್ಟಿನ್ ಲೂಕರ್ 1980ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಕಾರ್ಯಕರ್ತೆಯರಲ್ಲಿ ಇದನ್ನು ಗುರುತಿಸಿದ್ದರು: ಗರ್ಭಪಾತ ವಿರೋಧಿಗಳಲ್ಲಿ ಗೃಹಿಣಿಯರೇ ಹೆಚ್ಚು, ಪರ ಇದ್ದವರಲ್ಲಿ ಸಂಬಳ ತರುವವರು.

ಹಾಗೆಂದು ಕೆಲಸವೇ ಅಭಿಪ್ರಾಯ ಬದಲಿಸುತ್ತದೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ಚರ್ಚಿಗೆ ಎಷ್ಟು ಸಲ ಹೋಗುತ್ತಾರೆ, ಎಲ್ಲಿಯವರೆಗೆ ಓದಿದ್ದಾರೆ ಎಂಬುದನ್ನು ಸೇರಿಸಿದಂತೆ ಆ ಅಂತರವೂ ಕುಗ್ಗುತ್ತಾ ಹೋಯಿತು. ಮಕ್ಕಳನ್ನು ಸಾಕುವುದೇ ಬದುಕು ಎಂದು ನಂಬಿದವಳು ಕೆಲಸ ಬಿಟ್ಟಿರಲೂಬಹುದಲ್ಲ?

ಮನೆ ನೋಡಿಕೊಳ್ಳುವ ಗಂಡಸರನ್ನೂ ಹೋಲಿಸುವ ಆಸೆಯಿತ್ತು. ಒಂದು ವರ್ಷದ ಸಮೀಕ್ಷೆಯಲ್ಲಿ ಅವರು ತೀರ ಕಡಿಮೆ. ಹಳೆಯ ವರ್ಷಗಳನ್ನು ಸೇರಿಸಿದರೆ 1970ರ ದಶಕದ ಗೃಹಿಣಿಯರೂ ಇಂದಿನವರೂ ಒಂದೇ ಗೋಣಿಗೆ ಬೀಳುತ್ತಾರೆ. ಕೊನೆಗೆ ಆ ಗಂಡಸರ ತಲೆ ಎಣಿಕೆಯನ್ನಷ್ಟೇ ಬರೆದು, ಶೇಕಡಾವಾರಿನ ಜಾಗವನ್ನು ಖಾಲಿ ಬಿಟ್ಟೆ.