34 ಅಡಿಗೆ ಉಪ್ಪು, 22 ಅಡಿಗೆ ಸಿಹಿ: ಕೈಬೋರಿನ ನನ್ನ ಅನುಭವ

ಉತ್ತರ ಕನ್ನಡದ ಗಂಗಾವಳಿ ನದಿಯ ಅಳಿವೆ ಹತ್ತಿರ ಕೈಬೋರು, ಅಂದರೆ ಯಂತ್ರವಿಲ್ಲದೆ ಕೈಯಿಂದಲೇ ಕೊರೆಯೋ ಬೋರು, ಹಾಕುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಉಸುಕಲ್ಲಿ ಸಿಗೋದು ಉಪ್ಪುನೀರೇ ಅಂದರು. ಕೆಟ್ಟುಹೋದ ಮೊದಲ ಎರಡನ್ನು ಬಿಟ್ಟು, ಈಗ ಮೂರು ಕೇರಿಗಳಲ್ಲಿ ಐದು ಬೋರು ಆಗಿವೆ, ಐದರಲ್ಲೂ ಕುಡಿಯೋ ನೀರಿದೆ.

ವಿಧಾನ ಸರಳ. ಒಂದೂವರೆ ಇಂಚಿನ ಜಿಐ (ಸತು ಬಳಿದ ಕಬ್ಬಿಣದ) ಪೈಪು, ಅದನ್ನು ಎತ್ತಿ ಇಳಿಸಲು ಬಿದಿರಿನ ಏತ, ಉಸುಕು ಕುಸಿಯದಂತೆ ಗುಂಡಿಯಲ್ಲಿ ಸಗಣಿನೀರು. ಪೈಪು ಏಳುವಾಗ ಅಂಗೈಯಿಂದ ಅದರ ಬಾಯಿ ಮುಚ್ಚಬೇಕು, ಬೀಳುವಾಗ ಬಿಡಬೇಕು, ಆಗ ಕೆಳಗಿನ ಉಸುಕು ನೀರಿನ ಜೊತೆ ಮೇಲೆ ಬಂದು ಪೈಪು ಇಳಿಯುತ್ತದೆ. ಬಾಂಗ್ಲಾದೇಶದಲ್ಲಿ ಲಕ್ಷಗಟ್ಟಲೆ ಬೋರು ಹೀಗೇ ಆಗಿವೆ.

ಮೊದಲನೆಯದು 18 ಅಡಿಗೆ ಹೋಯಿತು. ಕತ್ತಲಾಯಿತು ಅಂತ ಪೈಪು ಒಳಗೇ ಬಿಟ್ಟು ಮನೆಗೆ ಹೋದೆವು. ಬೆಳಿಗ್ಗೆ ಬಂದರೆ ಉಸುಕು ಕುಸಿದು ಪೈಪು ಕಚ್ಚಿಕೊಂಡಿತ್ತು, ಆರು ಜನ ಎಳೆದರೂ ಅಲ್ಲಾಡಲಿಲ್ಲ. ಶುರು ಮಾಡಿದ ದಿನವೇ ಮುಗಿಸಬೇಕು. ಎರಡನೆಯದರಲ್ಲಿ ಆಸೆ ಜಾಸ್ತಿಯಾಗಿ 34 ಅಡಿ ಇಳಿಸಿದೆ. ಚಿಪ್ಪು ಬೆರೆತ ಕಪ್ಪು ಜೇಡಿ ಅಂಗೈಗೆ ಅಂಟಿತು, ನಾಲಿಗೆಗೆ ಇಟ್ಟರೆ ಉಪ್ಪು. ನೀರಲ್ಲಿ ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರು 3000 ದಾಟಿತು. ಎರಡಕ್ಕೂ ಸೇರಿ ನನ್ನ ಕೈಯಿಂದ 11 ಸಾವಿರ ಹೋಯಿತು.

ಆಗ ತಿಳಿಯಿತು, ನಮ್ಮ ಕರಾವಳಿಯಲ್ಲಿ ಆಳಕ್ಕೆ ಹೋಗೋದೇ ತಪ್ಪು. ಮಳೆನೀರು ಹಗುರ, ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಮೂರನೆಯದನ್ನು ಚಿಪ್ಪು ಕಾಣೋ ಮೊದಲೇ, 22 ಅಡಿಗೆ ನಿಲ್ಲಿಸಿದೆ. ಪಿವಿಸಿ ಪೈಪಿಗೆ ಗರಗಸದಲ್ಲಿ ಸೀಳು ಹಾಕಿ, ಉಸುಕು ಒಳಗೆ ಬರದಂತೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ ಇಳಿಸಿದೆ. ನಾರನ್ನು ಯಾವುದರಲ್ಲಿ ನೆನೆಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಜೊತೆಗೆ ನಿಂತು ಏತ ಒತ್ತಿದವರಿಗೆ ಹೇಳಿಕೊಡುತ್ತೇನೆ. ಸಗಣಿ ಹಾಕಿದ ಬೋರು ಅಲ್ವಾ, ತಿಳಿನೀರು ಬರೋವರೆಗೆ ಪಂಪು ಹೊಡೆದು, ಬ್ಲೀಚಿಂಗ್ ಪುಡಿ ಹಾಕಿ ಒಂದು ರಾತ್ರಿ ಬಿಟ್ಟು, ಮತ್ತೆ ಹೊಡೆದು ಖಾಲಿ ಮಾಡಿ, ನೀರು ಪರೀಕ್ಷೆ ಮಾಡಿಸಿದ ಮೇಲೇ ಕುಡಿಯಲು ಕೊಟ್ಟೆ. ಕಕ್ಕಸು ಗುಂಡಿಯಿಂದ 50 ಅಡಿಯಾದರೂ ದೂರ ಇರಲೇಬೇಕು.

ಟಿಡಿಎಸ್ ಫೆಬ್ರವರಿಯಲ್ಲಿ 380 ಇತ್ತು, ಮೇ ಕೊನೆಗೆ 600ರ ಹತ್ತಿರ ಹೋಯಿತು. ಮೊದಲ ಚೊಂಬು ಕುಡಿದ ಅಜ್ಜಿ "ತಮಾ, ಇನ್ನು ನೀರಿಗೆ ಹೆದ್ದಾರಿ ದಾಟಿ ಹೋಗೋದು ಬೇಡ ಅಲ್ಲವೋ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಒಂದು ಬೋರಿಗೆ ಕೈಪಂಪು, ಸಿಮೆಂಟು ಕಟ್ಟೆ, ಚಹಾ-ತಿಂಡಿ ಎಲ್ಲ ಸೇರಿ ಆಗ 7 ಸಾವಿರದ ಆಸುಪಾಸು ಆಯಿತು. ಜಿಐ ಪೈಪು ಮತ್ತೆ ಮತ್ತೆ ಬರುತ್ತದೆ. ಬೋರು ಲಾರಿಯವರು 70 ಸಾವಿರ ಕೇಳಿದ್ದರು, ಆ ಓಣಿಗೆ ಲಾರಿ ಬರೋದೇ ಇಲ್ಲ.

ಒಂದು ಕೇರಿಯಲ್ಲಿ ಕೈಪಂಪು ಬಿಚ್ಚಿ ಅರ್ಧ ಎಚ್‌ಪಿ ಮೋಟರು ಕೂರಿಸಿದರು. ಹದಿನೈದೇ ದಿನ, ನೀರು ಉಪ್ಪಾಯಿತು. ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಮೋಟರು ತೆಗೆಸಿದೆ, ಮಳೆಗಾಲ ಕಳೆದ ಮೇಲೆ ಸರಿಯಾಯಿತು.

ಶಿರಸಿ ರಸ್ತೆಯ ಕಡೆ ಚಿರೆಕಲ್ಲಿನ ದಿಬ್ಬದಲ್ಲೂ ಪ್ರಯತ್ನಪಟ್ಟೆ. ಲಾರಿಯ ಹಳೆ ಪಾಟಾ (ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಪೈಪಿನ ತುದಿಗೆ ವೆಲ್ಡ್ ಮಾಡಿಸಿ ಕುಟ್ಟಿದೆವು. ಎರಡು ದಿನಕ್ಕೆ ನಾಲ್ಕೇ ಅಡಿ. ಅಲ್ಲಿಗೆ ಈ ವಿಧಾನ ಆಗಲ್ಲ. ಆ ಪಾಟಾ ಈಗಲೂ ಇಟ್ಟುಕೊಂಡಿದ್ದೇನೆ, ಮಳೆ ಬಿಟ್ಟ ಮೇಲೆ ಕಲ್ಲು ಮೆತ್ತಗಿರುವಾಗ ಇನ್ನೊಮ್ಮೆ ಕುಟ್ಟಿ ನೋಡಬೇಕು.