ಲಾರಿ ಹೋಗದ ಜಾಗದಲ್ಲಿ ಹಲಸಿನ ಸ್ಲ್ಯಾಬ್: ಚೈನ್ ಸಾ ಮಿಲ್ಲಿನ ಅನುಭವ

ಇಳಿಜಾರು ತೋಟದಲ್ಲಿ ಗಾಳಿಮಳೆಗೆ ಬಿದ್ದ ಹಲಸನ್ನು ಬಿದ್ದಲ್ಲೇ ಕೊಯ್ದು ಸ್ಲ್ಯಾಬ್ (ದಪ್ಪ ಹಲಗೆ) ಮಾಡಬಹುದು ಅಂದರೆ ನಮ್ಮ ಮಲೆನಾಡಿನ ಕಡೆ ಬಡಗಿಗಳೂ ಒಪ್ಪುತ್ತಿರಲಿಲ್ಲ, ಸಾಮಿಲ್ಲಿನವರೂ ಒಪ್ಪುತ್ತಿರಲಿಲ್ಲ. ಚೈನ್ ಸಾ ಇರುವುದು ಮರ ಕೆಡವುವುದಕ್ಕೆ, ಹಲಗೆ ಕೊಯ್ದರೆ ಮೈಯೆಲ್ಲ ಅಲೆ ಬರುತ್ತದೆ, ಅರ್ಧ ಮರ ಹೊಟ್ಟಾಗುತ್ತದೆ ಎನ್ನುತ್ತಿದ್ದರು. ನಾನು ಚೈನ್ ಸಾಗೆ ಮಿಲ್, ಅಂದರೆ ಒಂದೇ ದಪ್ಪಕ್ಕೆ ಕೊಯ್ಯುವ ಹಾಗೆ ಹಿಡಿದು ನಡೆಸುವ ಚೌಕಟ್ಟು, ಕಟ್ಟಿ ಕೊಯ್ಯುತ್ತೇನೆ. ಈಗ ಅದೇ ಬಡಗಿಗಳು ಸ್ಲ್ಯಾಬಿನ ಮೇಲೆ ಮಟ್ಟಗೋಲು ಇಟ್ಟು ನೋಡಿ ಒಯ್ಯುತ್ತಾರೆ. ಎಂಟು ಅಡಿ ಉದ್ದದಲ್ಲಿ ದಪ್ಪದ ವ್ಯತ್ಯಾಸ ಎರಡು ಮಿಲಿಮೀಟರ್ ದಾಟುವುದಿಲ್ಲ. ನಮ್ಮ ಸುತ್ತಿನಲ್ಲಿ ಇಷ್ಟು ನೇರ ಕೊಯ್ಯುವವರು ಬೇರೆ ಇಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ.

ಮೊದಲು ಕಾಗದದ ಮಾತು. ಯಾವ ಮರಕ್ಕೆ ಅನುಮತಿ, ಯಾವುದಕ್ಕೆ ವಿನಾಯಿತಿ ಎಂಬುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿದೆ. ಸಿಲ್ವರ್ ಓಕ್ ವಿನಾಯಿತಿ ಪಟ್ಟಿಯಲ್ಲಿದೆ. ಬಿದ್ದ ಮರವಾದರೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಕೊಯ್ಯುವುದಕ್ಕೂ ಸಾಗಿಸುವುದಕ್ಕೂ ಕಾಗದ ಮಾಡಿಸಿಕೊಂಡ ಮೇಲೆಯೇ ಯಂತ್ರ ಎತ್ತಿ.

ಯಂತ್ರ 90 ಸಿಸಿಗಿಂತ ಕಡಿಮೆ ಇದ್ದರೆ ಅಗಲದ ಹಲಸಿಗೆ ಕೈ ಹಾಕಬೇಡಿ. ಸ್ಟಿಲ್ ಎಂಎಸ್ 661, ಹಸ್ಕ್‌ವಾರ್ನಾ 395 ಎಕ್ಸ್‌ಪಿ ಈ ವರ್ಗದವು. 72 ಸಿಸಿಯಲ್ಲಿ ಹದಿನಾರು ಇಂಚಿನ ಸಿಲ್ವರ್ ಓಕ್ ಕೊಯ್ಯಬಹುದು. ಎರಡಡಿ ಅಗಲದ ಹಲಸಿನ ಕೆಚ್ಚಿಗೆ (ಒಳಗಿನ ಗಟ್ಟಿ ಭಾಗ) ಇಟ್ಟರೆ ಹತ್ತು ನಿಮಿಷ ಪೂರ್ತಿ ಥ್ರಾಟಲ್‌ನಲ್ಲಿ ಕಾದು ಪಿಸ್ಟನ್ ಗೀರು ಬೀಳುತ್ತದೆ. ಸಿಲಿಂಡರ್ ಸೇರಿ ರಿಪೇರಿಗೆ ಹದಿನೈದು ಸಾವಿರದ ಆಚೆ. ಕಾರ್ಬುರೇಟರ್ ಸ್ಕ್ರೂ ಇರುವ ಯಂತ್ರವಾದರೆ ಮರ ಕೆಡವುವಾಗ ಇಡುವುದಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಹೋಗುವ ಹಾಗೆ ತಿರುಗಿಸಿ. ಕೊಯ್ಲು ಮುಗಿದ ತಕ್ಷಣ ಆಫ್ ಮಾಡದೆ ಅರ್ಧ ನಿಮಿಷ ಐಡಲ್‌ನಲ್ಲಿ ಬಿಡಿ.

36 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಹಾಕಿದರೆ ಮಿಲ್ಲಿನ ಹಿಡಿಕೆಗಳು ತಿಂದು 31–32 ಇಂಚು ಅಗಲ ಉಳಿಯುತ್ತದೆ. ಹೊರದೇಶದ ಅಲಾಸ್ಕನ್ ಮಿಲ್ ತರಿಸುವ ಬದಲು ವೆಲ್ಡಿಂಗ್ ಅಂಗಡಿಯಲ್ಲಿ ಒಂದಿಂಚಿನ ಚೌಕ ಪೈಪಿನಲ್ಲಿ ಮಾಡಿಸಿದ್ದಕ್ಕೆ ಐದಾರು ಸಾವಿರ ಆಯಿತು. ಒಂದೇ ಎಚ್ಚರ: ಬಾರಿನ ಮೂತಿಯ ಕಡೆ ಕ್ಲ್ಯಾಂಪ್ ಹಾಕುವಾಗ ಅಲ್ಲಿರುವ ಸ್ಪ್ರಾಕೆಟ್ (ಹಲ್ಲಿನ ಚಕ್ರ) ಮೇಲೆ ಬಿಗಿಯಬಾರದು, ಅದರ ಹಿಂದೆ ಬಿಗಿಯಬೇಕು. ಮೂತಿ ಸಿಕ್ಕಿಬಿದ್ದರೆ ಚೈನ್ ಒಂದೇ ಕೊಯ್ಲಿನಲ್ಲಿ ನೀಲಿಯಾಗುತ್ತದೆ.

ಚೈನ್ ವಿಷಯಕ್ಕೇ ಹೆಚ್ಚು ದುಡ್ಡು ಹಾಳಾಗುವುದು. ಅಂಗಡಿಯ ಮಾಮೂಲಿ ಚೈನಿನ ಹಲ್ಲಿನ ಕೋನ 30 ಡಿಗ್ರಿಯದು, ಅಡ್ಡ ಕೊಯ್ಯುವುದಕ್ಕೆ. ಉದ್ದಕ್ಕೆ ಹಾಕಿದರೆ ಎಳೆದಾಡುತ್ತದೆ, ಮೈ ಒರಟಾಗುತ್ತದೆ. 10 ಡಿಗ್ರಿಗೆ ಅರ ಹಾಕಬೇಕು. ಹಳೆಯ ಚೈನನ್ನೇ ಸ್ವಲ್ಪ ಸ್ವಲ್ಪವಾಗಿ 10ಕ್ಕೆ ತಂದುಕೊಳ್ಳಬಹುದು, ಹಲ್ಲು ಕಾಲು ಭಾಗ ಸವೆಯುತ್ತದೆ ಅಷ್ಟೆ. 3/8 ಇಂಚಿನ ಚೈನಿಗೆ 5.2 ಮಿ.ಮೀ. ಅರ, ರೇಕರ್ (ಹಲ್ಲಿನ ಮುಂದಿರುವ, ಕಚ್ಚುವ ಆಳ ತೀರ್ಮಾನಿಸುವ ಮೊನೆ) ಹಲ್ಲಿಗಿಂತ 25 ಥೌ, ಅಂದರೆ ಇಂಚಿನ ಸಾವಿರದ 25 ಭಾಗ, ತಗ್ಗಿರಬೇಕು. ಬೇಗ ಕೊಯ್ಯಲಿ ಅಂತ ರೇಕರನ್ನು ಇನ್ನೂ ಇಳಿಸಿದರೆ ಹಲಸಿನ ಕೆಚ್ಚಿನಲ್ಲಿ ಚೈನ್ ಕಚ್ಚಿ ಕಚ್ಚಿ ನಿಲ್ಲುತ್ತದೆ, ಬಡಗಿಗಳು ಹೇಳುವ ಆ ಅಲೆ ಬರುವುದು ಅಲ್ಲಿಂದಲೇ. ಇನ್ನೊಂದು ರೋಗ, ಸ್ಲ್ಯಾಬ್ ನಡುವೆ ದಪ್ಪ, ಅಂಚಿನಲ್ಲಿ ತೆಳು. ಮಿಲ್ಲನ್ನು ಬೈಯಬೇಡಿ, ಎಡದ ಹಲ್ಲು ಬಲದ ಹಲ್ಲು ಉದ್ದದಲ್ಲಿ ಸಮ ಇಲ್ಲ, ಬಾರ್ ನಡುವೆ ಬಿಲ್ಲಿನ ಹಾಗೆ ಬಗ್ಗಿದೆ. ಕ್ಯಾಲಿಪರ್ ಹಿಡಿದು ಅತಿ ಗಿಡ್ಡ ಹಲ್ಲು ಹುಡುಕಿ, ಮಿಕ್ಕದ್ದನ್ನೆಲ್ಲ ಅದಕ್ಕೆ ತನ್ನಿ. ಬೇಜಾರಿನ ಕೆಲಸ, ಮುಕ್ಕಾಲು ಗಂಟೆ ಬೇಕು. ಒಂದು ಟ್ಯಾಂಕಿಗೆ ಒಂದು ಸಲ ಅರ ಹಾಕುವುದು ನನ್ನ ಲೆಕ್ಕ. ಯಾವ ಹಲ್ಲುಗಳಿಗೆ ಬೇರೆ ಕೋನ ಕೊಡುತ್ತೇನೆ ಎಂಬುದೊಂದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಎಣ್ಣೆ. ಯಂತ್ರದ ಪಂಪ್ ಚೈನಿಗೆ ಕೊಡುವ ಎಣ್ಣೆ 36 ಇಂಚಿನ ಬಾರಿನ ಮೂತಿ ತಲಪುವಷ್ಟರಲ್ಲಿ ಹೊಟ್ಟು ಹೀರಿರುತ್ತದೆ. ಮೂತಿಯ ಹತ್ತಿರ ಒಂದು ಲೀಟರ್ ಬಾಟಲಿ ಕಟ್ಟಿ ಡ್ರಿಪ್ ನೀರಾವರಿಯ ತೆಳು ಪೈಪು, ವಾಲ್ವು ಹಾಕಿದರೆ ಖರ್ಚು ನೂರು ರೂಪಾಯಿ ಒಳಗೆ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಬಿಟ್ಟಿ ಸಿಗುತ್ತದೆ ಅಂತ ಹಾಕಬೇಡಿ; ಅದರಲ್ಲಿರುವ ಲೋಹದ ಪುಡಿ ಪಂಪನ್ನೂ ಬಾರಿನಲ್ಲಿ ಚೈನ್ ಓಡುವ ಸಂದನ್ನೂ ತಿನ್ನುತ್ತದೆ, ಸ್ಲ್ಯಾಬಿನ ಮೇಲೆ ಕಪ್ಪು ಕಲೆ ಬೇರೆ.

ಇನ್ನು ಮೊದಲ ಕೊಯ್ಲು. ಇದು ನೇರ ಬಂದರೆ ಕೊನೆಯದೂ ನೇರ, ಯಾಕೆಂದರೆ ಪ್ರತಿ ಸ್ಲ್ಯಾಬೂ ಹಿಂದಿನದರ ಮೈಯನ್ನೇ ನಕಲು ಮಾಡುತ್ತದೆ. ದಿಮ್ಮಿಯ ಮೈ ಉರುಟು, ಹಾಗಾಗಿ ಮೊದಲ ಸಲ ಮಿಲ್ ಜಾರುವುದಕ್ಕೆ ಮೇಲೆ ನೇರ ಹಾಸೊಂದು ಬೇಕು. ಅಲ್ಯುಮಿನಿಯಂ ಏಣಿ ಸಾಕು ಎನ್ನುವವರಿದ್ದಾರೆ. ಎಂಟು ಅಡಿಗೆ ನಡುವೆ ಆಧಾರ ಇಲ್ಲದಿದ್ದರೆ ಏಣಿ ಬಗ್ಗುತ್ತದೆ. ಎರಡು ಅಲ್ಯುಮಿನಿಯಂ ಪಟ್ಟಿ ಪೈಪು, ಎರಡು ತುದಿಗೂ ಮರದ ತುಂಡು, ನಡುವೆ ಬೆಣೆ, ಇದು ನನ್ನ ಹಾಸು. ದಿಮ್ಮಿಯ ಆಚೆಈಚೆ ಒಂದೊಂದಡಿ ಹೊರಗೆ ಚಾಚಿರಲಿ, ಇಲ್ಲವಾದರೆ ಮಿಲ್ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಲೆಬಾಗಿ ಮೆಟ್ಟಿಲು ಬೀಳುತ್ತದೆ. ತಿರುಪು ಇದೆಯೋ ನೋಡಲು ಎರಡು ತುದಿಗೆ ಎರಡು ನೇರ ಪಟ್ಟಿ ಅಡ್ಡ ಇಟ್ಟು ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಹಾಸನ್ನು ದಿಮ್ಮಿಗೆ ಹಿಡಿಸಿದ ತುದಿಯ ಸ್ಕ್ರೂಗಳು ಎಷ್ಟು ಆಳಕ್ಕೆ ಹೋಗಿವೆ ಅಂತ ಅಳೆದು ಕೊಯ್ಲಿನ ಗೆರೆ ಅದರ ಕೆಳಗೆ ಬರುವ ಹಾಗೆ ನೋಡಿಕೊಳ್ಳಿ.

ದಿಮ್ಮಿಯ ಒಂದು ತುದಿ ಎತ್ತರ ಮಾಡಿ ಮೇಲಿನಿಂದ ಕೆಳಕ್ಕೆ ಕೊಯ್ದರೆ ಯಂತ್ರದ ತೂಕವೇ ನೂಕುತ್ತದೆ, ಸೊಂಟ ಉಳಿಯುತ್ತದೆ. ಇಳಿಜಾರು ತೋಟ ಲಾರಿಗೆ ಕಷ್ಟ, ಈ ಕೆಲಸಕ್ಕೆ ಅನುಕೂಲ. ಬಾರ್ ಹೋಗುವ ಗೆರೆಯಲ್ಲಿ ತೊಗಟೆಯನ್ನು ಕತ್ತಿಯಿಂದ ಕೆತ್ತಿ ತೆಗೆಯಿರಿ. ಮಣ್ಣೂ ಹೋಗುತ್ತದೆ, ಹಲಸಿನ ಸೊನೆಯೂ ಹೋಗುತ್ತದೆ. ಎರಡಡಿ ಒಳಗೆ ಹೋದ ಮೇಲೆ ಹಿಂದೆ ಬೆಣೆ ಹಾಕುತ್ತಾ ಬನ್ನಿ, ಇಲ್ಲದಿದ್ದರೆ ಮೇಲಿನ ಸ್ಲ್ಯಾಬಿನ ತೂಕ ಚೈನನ್ನು ಹಿಡಿಯುತ್ತದೆ. ಬೆಣೆ ಪ್ಲಾಸ್ಟಿಕ್ಕಿನದೋ ಮರದ್ದೋ ಇರಲಿ, ಕಬ್ಬಿಣದ್ದು ಬೇಡ. ತೋಟದ ಮರದಲ್ಲಿ ಬೇಲಿ ತಂತಿ, ಮೊಳೆ ಇದ್ದೇ ಇರುತ್ತವೆ. ದಿಮ್ಮಿಯ ತುದಿಯಲ್ಲಿ ನೀಲಿಗಪ್ಪು ಗೆರೆ ಕಂಡರೆ ಒಳಗೆ ಕಬ್ಬಿಣ ಇದೆ ಅಂತಲೇ ಲೆಕ್ಕ.

ಲೆಕ್ಕಕ್ಕೆ ಒಂದು ದಿಮ್ಮಿ: ಸುತ್ತಳತೆ 84 ಇಂಚು, ಉದ್ದ ಎಂಟು ಅಡಿ. ಕಾಲು ಸುತ್ತಿನ ಲೆಕ್ಕದಲ್ಲಿ (ಸುತ್ತಳತೆಯ ಕಾಲು ಭಾಗದ ವರ್ಗವನ್ನು ಉದ್ದದಿಂದ ಗುಣಿಸುವುದು) 24 ಘನ ಅಡಿಗೆ ಸ್ವಲ್ಪ ಮೇಲೆ. ಎರಡೂಕಾಲು ಇಂಚಿನಂತೆ ಏಳು ಸ್ಲ್ಯಾಬ್ ಬಂತು. ಒಂದೊಂದಕ್ಕೆ ಹತ್ತರಿಂದ ಹದಿನೈದು ನಿಮಿಷ, ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ಪೆಟ್ರೋಲ್. ಚೈನ್ ತಿನ್ನುವುದು ಹತ್ತಿರ ಹತ್ತಿರ 9 ಮಿ.ಮೀ., ಬ್ಯಾಂಡ್ ಸಾ ತಿನ್ನುವುದು ಎರಡು ಮೂರು. ಅಂದರೆ ಸಾಮಿಲ್ಲಿನಲ್ಲಿ ಎಂಟು ಬರುತ್ತಿತ್ತು, ಒಂದು ಸ್ಲ್ಯಾಬ್ ಹೊಟ್ಟಿಗೆ ಹೋಯಿತು. ಆದರೆ ಆ ದಿಮ್ಮಿಯನ್ನು ರಸ್ತೆಗೆ ಎಳೆಸಿ, ಲೋಡ್ ಮಾಡಿಸಿ, ಸಾಮಿಲ್ಲಿಗೆ ಮುಟ್ಟಿಸಲು ಹನ್ನೆರಡು ಹದಿಮೂರು ಸಾವಿರ ಕೇಳಿದ್ದರು. ನನಗೆ ಪೆಟ್ರೋಲ್, ಎಣ್ಣೆ, ಒಬ್ಬ ಜೊತೆಗಾರನ ಕೂಲಿ, ಚೈನ್ ಸವೆತ ಎಲ್ಲ ಸೇರಿ ಮೂರು ಸಾವಿರದ ಒಳಗೇ ಮುಗಿಯಿತು.

ಆಗಾಗ ಬೇರೆ ಮರದ ಮೇಲೂ ಪ್ರಯೋಗ ನಡೆಯುತ್ತದೆ. ಸಿಲ್ವರ್ ಓಕ್ ದಿಮ್ಮಿಯನ್ನು ನಾಲ್ಕಾಗಿ ಸೀಳಿ ತಿರುಳಿನಿಂದ ಹೊರಕ್ಕೆ ಬರುವ ಹಾಗೆ ಕೊಯ್ದರೆ ಜರಿ ಹೊಡೆದಂತೆ ಹೊಳೆಯುವ ಚುಕ್ಕೆ ಬರುತ್ತದೆ. ಅಗ್ಗದ ಮರ, ನೋಡಿದವರು ನಂಬುವುದಿಲ್ಲ. ಆದರೆ ಅದರ ಹುಡಿ ಕೆಲವರ ಮೈಗೆ ತುರಿಕೆ ತರುತ್ತದೆ, ಪೂರ್ತಿ ತೋಳಿನ ಅಂಗಿ ಹಾಕಿ. ಹೊಟ್ಟು ಕಡಿಮೆಯಾಗಲಿ ಅಂತ ತೆಳು ಲೋ ಪ್ರೊಫೈಲ್ ಚೈನ್ ಹಾಕಿದರೆ ಅದೇ ಸಿಲ್ವರ್ ಓಕಿಗೆ ಸೊಗಸಾಗಿ ಹೋಗುತ್ತದೆ. ಹಲಸಿನ ಕೆಚ್ಚಿನಲ್ಲಿ ಮಾತ್ರ 90 ಸಿಸಿಯ ಎಳೆತಕ್ಕೆ ಹಿಗ್ಗಿ ಸಡಿಲವಾಗುತ್ತದೆ, ಬೇಡ. ಮತ್ತಿ ಮರದ ಒಳಗೆ ಹರಳು ಇರುತ್ತದೆ, ಒಂದು ಕೊಯ್ಲಿಗೆ ಎರಡು ಸಲ ಅರ ಬೇಕು.

ಕೊಯ್ಯುವುದಕ್ಕಿಂತ ಒಣಗಿಸುವುದರಲ್ಲಿ ಹೆಚ್ಚು ಮರ ಹಾಳಾಗುತ್ತದೆ. ನವೆಂಬರ್, ಡಿಸೆಂಬರ್ ಸರಿಯಾದ ಸಮಯ. ಮಾರ್ಚಿನಲ್ಲಿ ಕೊಯ್ದರೆ ಒಣಗಾಳಿಗೆ ತುದಿಗಳು ವಾರದಲ್ಲಿ ಬಾಯಿ ಬಿಡುತ್ತವೆ. ಕೊಯ್ಯುವ ಮೊದಲೇ ತುದಿಗೆ ಮೇಣವೋ ದಪ್ಪ ಪೇಂಟೋ ಬಳಿಯಬೇಕು (ನನ್ನ ಮಿಶ್ರಣ ಬೇರೆ, ಅದನ್ನು ಬಿಟ್ಟುಕೊಡುವುದಿಲ್ಲ). ತಿರುಳು ಸ್ಲ್ಯಾಬಿನ ನಡುವೆ ಉಳಿದರೆ ಏನು ಬಳಿದರೂ ಅಲ್ಲಿ ಸೀಳುತ್ತದೆ. ಆ ಸ್ಲ್ಯಾಬನ್ನು ತಿರುಳಿನ ಗುಂಟ ಎರಡು ಮಾಡಿ, ಕಾಲಿಗೋ ಚೌಕಟ್ಟಿಗೋ ಬಳಸಿ. ಸ್ಲ್ಯಾಬುಗಳನ್ನು ಅಟ್ಟಿ ಹಾಕುವಾಗ ನಡುವೆ ಇಡುವ ರೀಪು ಒಂದಿಂಚು ಚೌಕ, ಒಂದೂವರೆ ಅಡಿಗೊಂದು, ಒಂದರ ಮೇಲೊಂದು ನೇರ ಬರಬೇಕು. ರೀಪು ಪೂರ್ತಿ ಒಣಗಿದ್ದಿರಲಿ, ಹಸಿ ರೀಪು ಅಡ್ಡಡ್ಡ ಕಲೆ ಬಿಡುತ್ತದೆ, ತೋಪಡ ಹಿಡಿದು ಹೆರೆದರೂ ಹೋಗುವುದಿಲ್ಲ. ಮೇಲೆ ತೂಕ, ನೆರಳು, ಗಾಳಿ. ಟಾರ್ಪಾಲಿನಿಂದ ಸುತ್ತಿದರೆ ಬೂಷ್ಟು ಖಂಡಿತ.

ಕುಟ್ಟೆ ಹುಳ ಹತ್ತುವುದು ಅಂಚಿನ ಬಿಳಿ ಭಾಗಕ್ಕೆ. ಹತ್ತು ಲೀಟರ್ ಬಿಸಿನೀರಿಗೆ 600 ಗ್ರಾಂ ಬೋರ್ಯಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಮರ ಹಸಿಯಿರುವಾಗಲೇ ಎರಡು ಸಲ ಬಳಿಯುತ್ತೇನೆ. ಹಸಿ ಮರವೇ ಅದನ್ನು ಒಳಗೆ ಎಳೆದುಕೊಳ್ಳುವುದು, ಒಣಗಿದ ಮೇಲೆ ಬಳಿದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಮಳೆ ತಾಗಿದರೆ ತೊಳೆದು ಹೋಗುತ್ತದೆ, ಹಾಗಾಗಿ ಸೂರಿನ ಕೆಳಗೇ ಇರಲಿ.

ಇಂಚಿಗೆ ಒಂದು ವರ್ಷ ಎಂಬ ಹಳೆಯ ಲೆಕ್ಕ ಹಲಸಿಗೆ ಸರಿಯಾಗಿಯೇ ಇದೆ. ಮಳೆಗಾಲದಲ್ಲಿ ಮರದ ತೇವ ಅಳೆಯುವ ಮೀಟರ್ ಶೇಕಡಾ 18ರ ಕೆಳಗೆ ಇಳಿಯುವುದಿಲ್ಲ. ಆ ಲೆಕ್ಕ ತುಂಬಿದ ಮೇಲಿನ ಬೇಸಿಗೆಯ ಏಪ್ರಿಲ್‌ನಲ್ಲಿ 12–13 ತೋರಿಸಿದಾಗ ಕೊಡುವುದು. ಹಸಿಯಲ್ಲಿ ಘನ ಅಡಿಗೆ ಸಾವಿರ ಕೇಳಿದವರೇ ಒಣಗಿದ ಮೇಲೆ ಎರಡೂವರೆ ಸಾವಿರದ ಹತ್ತಿರ ಕೊಟ್ಟರು. ಬೆಂಗಳೂರಿಗೆ ಹೋಗುವ ಸ್ಲ್ಯಾಬನ್ನು ಅಲ್ಲಿ ಇನ್ನೊಂದು ತಿಂಗಳು ರೀಪಿನ ಮೇಲೆ ಇಟ್ಟ ನಂತರವೇ ತೋಪಡ ಹಾಕಿ ಅಂತ ಬಿಲ್ಲಿನ ಮೇಲೇ ಬರೆದು ಕೊಡುತ್ತೇನೆ.